ನಲ್ಲಿಗೆ ಬೆಂಕಿ ತೋರಿಸುವವನು

“ನಿಮ್ಮ ನಲ್ಲಿಗೆ ಸ್ವಲ್ಪ ಬೆಂಕಿ ತೋರಿಸಬೇಕಾಗಿತ್ತು.”

ಇಪ್ಪತ್ತೊಂದು ವರ್ಷಗಳ ಹಿಂದೆ, ಒಂದು ಮಂಗಳವಾರ ಬೆಳಿಗ್ಗೆ, ನಮ್ಮ ಮನೆಯ ಬಾಗಿಲು ತಟ್ಟಿದ ಅಪರಿಚಿತನೊಬ್ಬ ಆಡಿದ ಮೊದಲ ಮಾತು ಇದು. ನಾನು ಒಂದು ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡು ಬಾಗಿಲು ತೆರೆದಿದ್ದೆ. ಆತನ ಕೈಯಲ್ಲಿ ಒಂದು ಮರದ ಪೆಟ್ಟಿಗೆ, ಕಂಕುಳಲ್ಲಿ ಉದ್ದನೆಯ ದಾಖಲೆ ಪುಸ್ತಕ. ಜೇಬಿನಲ್ಲಿ ಮೂರು ಪೆನ್ನು. ನೋಡಿದರೆ ಬೆಂಕಿ ಇಡುವವನ ಹಾಗೆ ಕಾಣುತ್ತಿರಲಿಲ್ಲ.

“ಯಾರ್ರೀ ಅದು?” ಒಳಗಿನಿಂದ ನನ್ನ ಹೆಂಡತಿ ಕೇಳಿದಳು.

“ಯಾರೋ ನಲ್ಲಿಗೆ ಬೆಂಕಿ ಇಡ್ತಾರಂತೆ.”

“ಇಡಲಿ ಬಿಡಿ. ಮೂರು ದಿನದಿಂದ ತೊಟ್ಟಿಕ್ಕಿ ತೊಟ್ಟಿಕ್ಕಿ ಪ್ರಾಣ ತಿಂತಿದೆ ಅದು.”

ಆತ ನಗಲಿಲ್ಲ. ಚಪ್ಪಲಿಯನ್ನು ಹೊರಗೆ ಒಂದರ ಪಕ್ಕ ಒಂದು ಜೋಡಿಸಿಟ್ಟು ಒಳಗೆ ಬಂದ. ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಿಂದ ಬಂದಿರುವುದಾಗಿ ಹೇಳಿ, ಅಡುಗೆಮನೆಯಲ್ಲಿ ಪೆಟ್ಟಿಗೆ ತೆರೆದ. ಒಳಗೆ ಮಂಜುಗಡ್ಡೆಯ ನಡುವೆ ಗಾಜಿನ ಬಾಟಲಿಗಳು. ಒಂದೊಂದರ ಮುಚ್ಚಳಕ್ಕೂ ಕಾಗದದ ಟೋಪಿ. ಪಕ್ಕದಲ್ಲಿ ಹತ್ತಿ, ಬೆಂಕಿಪೊಟ್ಟಣ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸ್ಪಿರಿಟ್ ದೀಪ. ನಲ್ಲಿಯ ಬಾಯನ್ನು ಹತ್ತಿಯಿಂದ ಒರೆಸಿದ. ದೀಪ ಹಚ್ಚಿ ಅದರ ಬಾಯಿಗೆ ಜ್ವಾಲೆ ಹಿಡಿದ. ಒಳಗಿದ್ದ ಹನಿ ಚುರ್ರೆಂದಿತು. ಅಲ್ಲಿ ಕುಳಿತ ಕ್ರಿಮಿ ಬಾಟಲಿಗೆ ಬಿದ್ದರೆ ಇಡೀ ಬೀದಿಯ ನೀರಿಗೆ ಕೆಟ್ಟ ಹೆಸರು ಬರುತ್ತದಂತೆ. ಆದ್ದರಿಂದ ಈ ಬೆಂಕಿ. ಆಮೇಲೆ ನಲ್ಲಿಯನ್ನು ಪೂರ್ತಿ ತಿರುಗಿಸಿ ಕೈಗಡಿಯಾರ ನೋಡಿಕೊಂಡು ನಿಂತ.

“ಏನಪ್ಪಾ, ನೀರು ಸುಮ್ನೆ ಹರಿದು ಹೋಗ್ತಿದೆಯಲ್ಲ,” ಎಂದಳು ನನ್ನ ಹೆಂಡತಿ.

“ಎರಡು ನಿಮಿಷ ಬಿಡಬೇಕಕ್ಕಾ. ಕೊಳವೆಯಲ್ಲಿ ನಿಂತ ನೀರು ಹೋಗಿ ಬೀದಿಯ ನೀರು ಬರಬೇಕು. ಆಮೇಲೇ ಹಿಡಿಯೋದು.”

ಅವಳು ಕೆಳಗೊಂದು ಬಕೆಟ್ ಇಟ್ಟಳು. ಸುಮ್ಮನೆ ನಿಲ್ಲುವುದು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಬಕೆಟ್ ತುಂಬುವುದರೊಳಗೆ ಆತನ ತಂದೆ ಅದೇ ಇಲಾಖೆಯಲ್ಲಿ ಕೊಳವೆ ಜೋಡಿಸುತ್ತಿದ್ದರೆಂದೂ, ತಾಯಿ ತೀರಿಕೊಂಡು ಎಂಟು ವರ್ಷವಾಯಿತೆಂದೂ, ಒಬ್ಬಳೇ ತಂಗಿ ಮದುವೆಯಾಗಿ ಹಡಗು ಹತ್ತಿ ಹೋಗುವಷ್ಟು ದೂರದಲ್ಲಿದ್ದಾಳೆಂದೂ, ಆತನಿಗೆ ಮದುವೆಯಾಗಿಲ್ಲವೆಂದೂ ತಿಳಿದುಕೊಂಡಿದ್ದಳು. ಎರಡು ನಿಮಿಷ ಮುಗಿಯಿತು. ಆತ ಮಾತಿನ ಮಧ್ಯದಲ್ಲೇ ನಿಲ್ಲಿಸಿ, ಬಾಟಲಿಯ ಕತ್ತಿನ ಕೆಳಗೆ ಒಂದು ಬೆರಳಿನಷ್ಟು ಜಾಗ ಬಿಟ್ಟು ನೀರು ಹಿಡಿದು, ಚೀಟಿ ಅಂಟಿಸಿ ಪೆಟ್ಟಿಗೆ ಮುಚ್ಚಿದ. ಕೊನೆಗೆ ಲೋಟ ಕೇಳಿ ಅದೇ ನೀರನ್ನು ಹಿಡಿದು, ಬಾಯಲ್ಲಿ ಒಂದು ಸುತ್ತು ತಿರುಗಿಸಿ ಕುಡಿದ.

“ಟೀ ಮಾಡ್ತೀನಿ, ಕೂತ್ಕೋ.”

“ಬೇಡಕ್ಕಾ. ಟೀ ಕುಡಿದರೆ ನಾಲಿಗೆ ಎರಡು ಗಂಟೆ ರಜೆ ಹಾಕಿಬಿಡುತ್ತೆ. ಇನ್ನೂ ಏಳು ಮನೆ ಇದೆ.”

ಅಂದಿನಿಂದ ಪ್ರತಿ ತಿಂಗಳ ಮೊದಲ ಮಂಗಳವಾರ ಆತ ಬರತೊಡಗಿದ. ನಮ್ಮ ಮಗ ಆಗ ಶಾಲೆಯಲ್ಲಿದ್ದ. ಅವನಿಗೆ ಆತ ‘ಎರಡು ನಿಮಿಷದ ಮಾಮ’ ಆದ. ನಮಗೂ ಅದೇ ಹೆಸರು ರೂಢಿಯಾಯಿತು.

ಮಾಮನ ಸುಪರ್ದಿಯಲ್ಲಿ ಆಗ ಮೂವತ್ನಾಲ್ಕು ಅಡುಗೆಮನೆಗಳಿದ್ದವು. ಇಲಾಖೆಯ ನಿಯಮ ಒಂದೇ: ಮನೆಯವರು ಕುಡಿಯುವ ನಲ್ಲಿಯಿಂದಲೇ ನೀರು ಹಿಡಿಯಬೇಕು, ಅಂಗಳದ ನಲ್ಲಿ, ಬಚ್ಚಲಿನ ನಲ್ಲಿ ಆಗದು. ಹೀಗಾಗಿ ನೆಂಟರೂ ಕಾಲಿಡದ ಅಡುಗೆಮನೆಗಳಿಗೆ ಆತನಿಗೆ ಸಲೀಸಾಗಿ ಪ್ರವೇಶವಿತ್ತು. ಯಾರ ಮನೆಯಲ್ಲಿ ಪಾತ್ರೆ ಬಿದ್ದಿವೆ, ಯಾರ ಮನೆಯಲ್ಲಿ ಒಲೆ ಹಚ್ಚಿಲ್ಲ, ಎಲ್ಲವನ್ನೂ ಕಾಣುತ್ತಿದ್ದ. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ದದ್ದನ್ನು ಮಾತ್ರ ನಾನು ಕಂಡಿಲ್ಲ. “ಬಾಟಲಿ ಬೇರೆ ಬೇರೆ ಮೇಷ್ಟ್ರೇ, ಒಂದರದ್ದು ಒಂದಕ್ಕೆ ತಾಗಬಾರದು,” ಎನ್ನುತ್ತಿದ್ದ.

ಪರೀಕ್ಷೆ ಮುಗಿದ ಮೇಲೆ ಮನೆಗೊಂದು ಚೀಟಿ ಬರುತ್ತಿತ್ತು. ಅದರ ಮೇಲೆ ರಬ್ಬರ್ ಮುದ್ರೆ. ಪ್ರಯೋಗಾಲಯದಲ್ಲಿ ಎರಡೇ ಮುದ್ರೆಗಳಿದ್ದವು: ಒಂದು ‘ಯೋಗ್ಯ’, ಇನ್ನೊಂದು ‘ಅಯೋಗ್ಯ’. ನಮ್ಮ ಹಿಂದಿನ ಬೀದಿಯ ವಕೀಲರ ಮನೆಯಲ್ಲಿ ಒಮ್ಮೆ ಕೊಳವೆ ಒಡೆದು ನೀರು ಕೆಟ್ಟಿತ್ತು. ಚೀಟಿಯ ನೆತ್ತಿಯ ಮೇಲೆ ವಕೀಲರ ಹೆಸರು, ಅದರ ಕೆಳಗೇ ದಪ್ಪ ಅಕ್ಷರಗಳಲ್ಲಿ ‘ಅಯೋಗ್ಯ’. ವಕೀಲರು ಚೀಟಿ ಹಿಡಿದು ಬೀದಿಗೆ ಬಂದುಬಿಟ್ಟರು.

“ಯಾರಿಗಯ್ಯಾ ಇದು? ನನಗೋ, ನನ್ನ ನಲ್ಲಿಗೋ?”

“ನೀರಿಗೆ ಸ್ವಾಮಿ.”

“ನೀರಿನ ಹೆಸರು ಎಲ್ಲಿದೆ ಇದರಲ್ಲಿ? ನನ್ನ ಹೆಸರಿದೆ. ಮಾನನಷ್ಟದ ಕೇಸು ಹಾಕಿದರೆ ನಿಮ್ಮ ಇಲಾಖೆ ಬಾಗಿಲು ಮುಚ್ಚಬೇಕು, ಗೊತ್ತಾ?”

ಮಾಮ ಸಪ್ಪೆ ಮುಖ ಮಾಡಿಕೊಂಡು ನನ್ನ ಬಳಿಗೆ ಬಂದ. ನಾನು ಕನ್ನಡ ಮೇಷ್ಟ್ರು, ಅದು ನನ್ನ ಕ್ಷೇತ್ರ. ‘ಅಯೋಗ್ಯ’ ಎಂಬುದು ಅರ್ಥದಲ್ಲಿ ಸರಿಯೇ, ಆದರೆ ರೂಢಿಯಲ್ಲಿ ಅದು ಬೈಗುಳವಾಗಿದೆ. ‘ಯೋಗ್ಯವಲ್ಲ’ ಎಂದು ಬರೆದರೆ ನಿಷೇಧ ಕೊನೆಗೆ ಬರುತ್ತದೆ, ಬೈಗುಳ ಹೋಗಿ ವರದಿ ಉಳಿಯುತ್ತದೆ ಎಂದು ವಿವರಿಸಿದೆ. ಆತ ಅದನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡ. ಮುಂದಿನ ತಿಂಗಳೇ ಹೊಸ ಮುದ್ರೆ ಬಂತು: ‘ಕುಡಿಯಲು ಯೋಗ್ಯವಾಗಿದೆ’, ‘ಕುಡಿಯಲು ಯೋಗ್ಯವಾಗಿಲ್ಲ’. ಮೊದಲನೆಯ ಚೀಟಿಯನ್ನು ನಮಗೇ ತಂದುಕೊಟ್ಟು, “ನೋಡಿ ಮೇಷ್ಟ್ರೇ, ನೀರಿಗೂ ವ್ಯಾಕರಣ ಕಲಿಸಿದಿರಿ,” ಎಂದ.

ಆತನ ಮದುವೆಯ ಪ್ರಯತ್ನ ಒಮ್ಮೆ ನಡೆದದ್ದುಂಟು; ಹುಡುಗಿಯ ಮನೆಯನ್ನು ಗೊತ್ತು ಮಾಡಿದವಳು ನನ್ನ ಹೆಂಡತಿ. ಮಾತಿಗೆ ಕುಳಿತಾಗ ಹುಡುಗಿ ನೀರು ತಂದು ಕೊಟ್ಟಳಂತೆ. ಈತ ಬಾಯಲ್ಲಿ ಒಂದು ಸುತ್ತು ತಿರುಗಿಸಿದ. ಆಮೇಲೆ ಅವಳ ತಂದೆಯ ಕಡೆ ತಿರುಗಿ, “ನಿಮ್ಮ ಮನೆಯದು ಹಳೇದು, ತುಕ್ಕು ಹಿಡಿದಿದೆ. ಬೇಗ ಬದಲಾಯಿಸಿದರೆ ಒಳ್ಳೇದು,” ಎಂದ. ಕೊಳವೆ ಎಂಬ ಒಂದು ಪದವನ್ನು ಬಿಟ್ಟಿದ್ದ. ಹುಡುಗಿಗೆ ವಯಸ್ಸು ಸ್ವಲ್ಪ ಮೀರಿತ್ತು. ಮಾತು ಅಲ್ಲಿಗೇ ಮುರಿಯಿತು.

“ಕರ್ತೃಪದ ಬಿಟ್ಟರೆ ಹೀಗೇ ಆಗೋದು,” ಎಂದು ನಾನು ತಮಾಷೆ ಮಾಡಿದೆ.

“ನಾನು ಕುಡಿಯಲು ಯೋಗ್ಯ ಮೇಷ್ಟ್ರೇ, ಮದುವೆಗೆ ಯೋಗ್ಯವಲ್ಲ,” ಎಂದ. ನಿಷೇಧವನ್ನು ಸರಿಯಾದ ಜಾಗದಲ್ಲೇ ಇಟ್ಟಿದ್ದ. ನನ್ನ ಹೆಂಡತಿ ನಗಲಿಲ್ಲ.

ಆತನ ಕೋಣೆಯನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ಒಂದು ಮಂಗಳವಾರ ಆತ ಬರಲಿಲ್ಲ. ಜ್ವರವೆಂದು ತಿಳಿದು, ವಿಳಾಸ ಹುಡುಕಿಕೊಂಡು ಹೋದೆ. ಟೈರ್ ಅಂಗಡಿಯ ಮೇಲಿನ ಒಂಟಿ ಕೋಣೆ. ಕೆಳಗಿನಿಂದ ಸುಟ್ಟ ರಬ್ಬರಿನ ವಾಸನೆ. ಒಂದು ಮಂಚ, ಒಂದು ಕುರ್ಚಿ, ನಲ್ಲಿಯ ಕೆಳಗೆ ಬೋರಲು ಹಾಕಿದ ಒಂದು ಲೋಟ. ನಾನು ಕುರ್ಚಿಯಲ್ಲಿ ಕುಳಿತ ಮೇಲೆ ನೀರು ಕೊಡಲು ಆತ ಆ ಲೋಟವನ್ನು ಎರಡು ಸಲ ತೊಳೆದ. ಬೇರೆ ಲೋಟವಿರಲಿಲ್ಲ.

ಗೋಡೆಗೆ ಮೂವತ್ನಾಲ್ಕು ಮನೆಗಳ ಪಟ್ಟಿಯನ್ನು ಅಂಟಿಸಿದ್ದ. ಇಲಾಖೆಯ ಪಟ್ಟಿಯೇ, ಆದರೆ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ತನ್ನ ಟಿಪ್ಪಣಿ ಬರೆದುಕೊಂಡಿದ್ದ. ‘ಹನ್ನೊಂದು: ಅಜ್ಜಿ. ಎಡಗಿವಿ ಕೇಳದು. ಬಲಗಡೆ ನಿಂತು ಮಾತಾಡುವುದು.’ ‘ಹದಿನೇಳು: ಮಗಳ ಪರೀಕ್ಷೆ ಏನಾಯಿತು, ಕೇಳುವುದು.’ ‘ಇಪ್ಪತ್ತು: ಯಜಮಾನರ ವಿಷಯ ಎತ್ತಬಾರದು.’ ನಮ್ಮ ಮನೆಯ ಸಂಖ್ಯೆ ಇಪ್ಪತ್ತಾರು. ಅದರ ಎದುರು, ‘ಅಕ್ಕ ತಾವೇ ಮಾತಾಡುತ್ತಾರೆ. ಹೂಜಿ ನಲ್ಲಿಯ ಪಕ್ಕ’ ಎಂದಿತ್ತು.

ಆ ಹೂಜಿಯ ವಿಷಯ ಹೇಳಬೇಕು. ಮಣ್ಣಿನದು, ನಮ್ಮ ಮದುವೆಯಾದ ವರ್ಷ ಕೊಂಡದ್ದು. ಬೆಳಿಗ್ಗೆ ನಲ್ಲಿ ನೀರು ತುಂಬಿಟ್ಟರೆ ಅರ್ಧ ಗಂಟೆಯಲ್ಲಿ ಹೊರಮೈ ಬೆವರಿ ಕೆಂಪು ಕಪ್ಪಾಗುತ್ತಿತ್ತು. ಮನೆಗೆ ಯಾರು ಬಂದರೂ ಅದರ ನೀರೇ.

ಕ್ಯಾನುಗಳು ಬಂದದ್ದು ಒಮ್ಮೆಲೇ ಅಲ್ಲ. ಒಂದು ಮನೆಯಲ್ಲಿ ಅಡುಗೆಕೋಣೆಗೆ ಹೊಸ ಟೈಲ್ಸ್ ಹಾಕಿಸಿದಾಗ ಜೊತೆಗೆ ಇಪ್ಪತ್ತು ಲೀಟರಿನ ಕ್ಯಾನೂ ಬಂತು. ಇನ್ನೊಂದು ಮನೆಯವರಿಗೆ ಬೀಗರ ಮುಂದೆ ನಲ್ಲಿ ನೀರಿಡಲು ಸಂಕೋಚ. ಕಿವಿ ಕೇಳದ ಅಜ್ಜಿ ತೀರಿಕೊಂಡರು. ಅವರ ಮಗ ಮರುದಿನದಿಂದಲೇ ಬಾಟಲಿ ತರಿಸಿದ. ವಕೀಲರ ಹೆಂಡತಿ ಬಾಗಿಲಲ್ಲೇ ನಿಂತು ಹೇಳಿದರಂತೆ: “ನಿಮ್ಮ ನೀರು ಚೆನ್ನಾಗಿದೆ ಅಂತ ನೀವು ಬರ್ಕೊಳ್ಳಿ. ನಾವು ಕ್ಯಾನು ಕುಡೀತೀವಿ. ಯಾರಿಗೂ ತೊಂದರೆ ಇಲ್ಲ.”

ಕುಡಿಯದ ನಲ್ಲಿಯಿಂದ ನೀರು ಹಿಡಿಯುವಂತಿಲ್ಲ. ಒಂದೊಂದು ಮನೆ ಕ್ಯಾನು ತರಿಸಿದಾಗಲೂ ಮಾಮ ಪಟ್ಟಿಯಲ್ಲಿ ಒಂದೊಂದು ಗೆರೆ ಎಳೆಯುತ್ತಿದ್ದ. ಮೂವತ್ನಾಲ್ಕು ಇಪ್ಪತ್ತಾಯಿತು, ಇಪ್ಪತ್ತು ಒಂಬತ್ತಾಯಿತು. ಹಾದಿಯಲ್ಲಿ ಸಿಕ್ಕರೆ ಆ ಮನೆಗಳವರು ಕೈ ಬೀಸುತ್ತಿದ್ದರು, ಅಷ್ಟೆ. ತಿಂಗಳಿಗೆ ಎರಡು ನಿಮಿಷದ ಸ್ನೇಹಕ್ಕೆ ಬೀದಿಯಲ್ಲಿ ನಿಲ್ಲುವಷ್ಟು ಬೇರಿರುವುದಿಲ್ಲ.

“ಯಾವ ನೀರು ಒಳ್ಳೇದು, ನಿಜ ಹೇಳು,” ಎಂದು ಒಮ್ಮೆ ಕೇಳಿದೆ.

“ಎರಡೂ ನೀರೇ ಮೇಷ್ಟ್ರೇ. ಇದಕ್ಕೆ ನಾನು ಸಾಕ್ಷಿ. ಅದಕ್ಕೆ ಮುಚ್ಚಳ ಸಾಕ್ಷಿ.” ಕ್ಯಾನಿನ ನೀರನ್ನು ಆತ ಒಂದು ದಿನವೂ ಹಳಿದವನಲ್ಲ.

ನಮ್ಮ ಮನೆಗೂ ಕ್ಯಾನು ಬಂತು. ಮೊಮ್ಮಗಳಿಗೆ ಎಂಟು ತಿಂಗಳಾಗಿದ್ದಾಗ ಹೊಟ್ಟೆ ಕೆಟ್ಟು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಕಾರಣ ನೀರೆಂದು ಯಾರೂ ಹೇಳಲಿಲ್ಲ; ಆ ತಿಂಗಳ ಚೀಟಿಯಲ್ಲಿ ‘ಯೋಗ್ಯವಾಗಿದೆ’ ಎಂದೇ ಇತ್ತು. ಆದರೆ ಮನೆಗೆ ಕಳಿಸುವಾಗ ವೈದ್ಯರು, “ಸದ್ಯಕ್ಕೆ ಕ್ಯಾನಿನ ನೀರೇ ಕೊಡಿ,” ಎಂದರು. ಆ ಮಾತು ಸೊಸೆಯ ಎದೆಯಲ್ಲಿ ನಾಟಿತು. ಮಗುವಿಗೊಂದು ನೀರು, ದೊಡ್ಡವರಿಗೊಂದು ನೀರು ಎಂದರೆ ಯಾವಾಗಲಾದರೂ ಲೋಟ ಅದಲು ಬದಲಾಗದೇ ಇರುತ್ತದೆಯೇ ಎಂಬುದು ಅವಳ ಭಯ. ಆ ನಾಲ್ಕು ರಾತ್ರಿ ಅವಳು ಕಣ್ಣು ಮುಚ್ಚಿರಲಿಲ್ಲ. ನಾವು ಎದುರಾಡಲಿಲ್ಲ. ಹೂಜಿ ಖಾಲಿಯಾಯಿತು.

“ಅವನಿಗೆ ಹೇಗೆ ಹೇಳೋದ್ರೀ?” ನನ್ನ ಹೆಂಡತಿ ಕೇಳಿದಳು. ಅಷ್ಟು ಹೊತ್ತಿಗೆ ಮಾಮನ ಪಟ್ಟಿಯಲ್ಲಿ ಉಳಿದದ್ದು ಮೂರು ಮನೆ.

ಹೇಳಲಿಲ್ಲ. ಮೊದಲ ಮಂಗಳವಾರ ಬಂದರೆ ನಾನು ಮತ್ತು ಮಗ ಕ್ಯಾನನ್ನು ಮಲಗುವ ಕೋಣೆಗೆ ಸಾಗಿಸಿ, ಅದರ ಮೇಲೆ ಹಳೆಯ ಬೆಡ್‌ಶೀಟು ಹೊದಿಸುತ್ತಿದ್ದೆವು. ಮೂಲೆಯಲ್ಲಿ ಮುಸುಕು ಹಾಕಿಕೊಂಡು ಯಾರೋ ಕುಳಿತಂತೆ ಕಾಣುತ್ತಿತ್ತು. “ನಿನ್ನ ಅತ್ತೆ ಸಿಟ್ಟು ಮಾಡಿಕೊಂಡ ಹಾಗಿದೆ,” ಎಂದು ನಾನು ಅಂದರೆ, “ನನ್ನ ಅತ್ತೆ ಅಂದರೆ ನಿಮ್ಮ ತಾಯಿ, ನೆನಪಿರಲಿ,” ಎನ್ನುತ್ತಿದ್ದಳು ನನ್ನ ಹೆಂಡತಿ. ಮಾಮ ಬರುತ್ತಿದ್ದ, ನಲ್ಲಿಗೆ ಬೆಂಕಿ ತೋರಿಸುತ್ತಿದ್ದ, ಎರಡು ನಿಮಿಷ ಮಾತಾಡುತ್ತಿದ್ದ, ಬಾಟಲಿ ತುಂಬಿ, ಒಂದು ಲೋಟ ಕುಡಿದು ಹೋಗುತ್ತಿದ್ದ. ಹೀಗೆ ಏಳು ತಿಂಗಳು ನಡೆಯಿತು. ಆ ಅವಧಿಯಲ್ಲಿ ಉಳಿದೆರಡು ಮನೆಗಳೂ ಬಿಟ್ಟುಹೋದವು.

ಎಂಟನೆಯ ತಿಂಗಳು ಆತ ಪೆಟ್ಟಿಗೆಯ ಜೊತೆಗೆ ಒಂದು ಅಚ್ಚು ಹಾಕಿಸಿದ ಕಾಗದವನ್ನೂ ತಂದ. ನಲ್ಲಿಗೆ ಬೆಂಕಿ ತೋರಿಸಲಿಲ್ಲ. ಪೆಟ್ಟಿಗೆಯನ್ನು ತೆರೆಯಲೂ ಇಲ್ಲ.

“ಇಲಾಖೆಯಿಂದ ಹೊಸ ನಿಯಮ ಬಂದಿದೆ ಮೇಷ್ಟ್ರೇ. ಪಟ್ಟಿಯಲ್ಲಿ ಉಳಿಯೋ ಮನೆಯವರು ಇದಕ್ಕೆ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಬೀದಿಯಲ್ಲಿ ಒಂದು ಕಂಬ ನೆಟ್ಟು ಅದಕ್ಕೆ ನಲ್ಲಿ ಕೂರಿಸ್ತಾರೆ. ಇನ್ಮೇಲೆ ಅದರಿಂದಲೇ ಹಿಡಿಯೋದು. ಮನೆಗಳಿಗೆ ಹೋಗೋ ಕೆಲಸ ಇರಲ್ಲ.”

“ಇನ್ನು ಎಷ್ಟು ಮನೆ ಇದೆ ನಿನ್ನ ಪಟ್ಟಿಯಲ್ಲಿ?” ನನ್ನ ಹೆಂಡತಿ ಕೇಳಿದಳು.

“ಇದೊಂದೇ ಅಕ್ಕ.”

ನಾನು ಕನ್ನಡಕ ಹಾಕಿಕೊಂಡು ಓದಿದೆ. ‘ಈ ನಲ್ಲಿಯ ನೀರನ್ನು ನಮ್ಮ ಮನೆಯವರೆಲ್ಲರೂ ದಿನನಿತ್ಯ ಕುಡಿಯುತ್ತೇವೆ.’ ಪೆನ್ನು ಕೈಯಲ್ಲಿತ್ತು. ಮನಸ್ಸು ಮಾತ್ರ ಮಲಗುವ ಕೋಣೆಯ ಮೂಲೆಯಲ್ಲಿತ್ತು. ಮೂವತ್ತೈದು ವರ್ಷ ಮಕ್ಕಳಿಗೆ ಸುಳ್ಳು ಬರೆಯಬೇಡಿ ಎಂದು ಹೇಳಿದ ಕೈ ಇದು. ಎದುರಿಗೆ ನಿಂತವನಿಗೆ ಉಳಿದಿರುವುದೂ ಇದೊಂದೇ ಅಡುಗೆಮನೆ. ಹೊತ್ತು ತಳ್ಳಲು ನನಗೆ ಗೊತ್ತಿದ್ದ ವಿದ್ಯೆ ಒಂದೇ.

“ಇದರಲ್ಲಿ ತಪ್ಪಿದೆಯಪ್ಪಾ,” ಎಂದೆ. “‘ಮನೆಯವರೆಲ್ಲರೂ’ ಅಂದರೆ ಪ್ರಥಮ ಪುರುಷ. ‘ಕುಡಿಯುತ್ತೇವೆ’ ಉತ್ತಮ ಪುರುಷ. ‘ಕುಡಿಯುತ್ತಾರೆ’ ಅಂತಿರಬೇಕು. ಇಲ್ಲವೇ ‘ನಾವೆಲ್ಲರೂ ಕುಡಿಯುತ್ತೇವೆ’ ಅನ್ನಬೇಕು. ಹೊಂದಾಣಿಕೆ ಆಗ್ತಾ ಇಲ್ಲ.”

“ಹೌದು ಮೇಷ್ಟ್ರೇ. ಹೊಂದಾಣಿಕೆ ಆಗ್ತಾ ಇಲ್ಲ.”

ಆತನ ದನಿಯನ್ನು ಕೇಳಿ ತಲೆ ಎತ್ತಿದೆ. ಆತ ನನ್ನನ್ನು ನೋಡುತ್ತಿರಲಿಲ್ಲ, ಹೂಜಿಯನ್ನು ನೋಡುತ್ತಿದ್ದ. ಮೆಲ್ಲಗೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡ.

“ಬೇಡ. ಸಹಿ ಹಾಕಬೇಡಿ. ಹೂಜಿ ಬೆವರಿ ಏಳು ತಿಂಗಳಾಯ್ತು.”

ನನ್ನ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ಗೊತ್ತಿತ್ತಾ ನಿನಗೆ?”

“ಮೊದಲನೇ ತಿಂಗಳೇ ಗೊತ್ತಾಯ್ತಕ್ಕಾ. ಒಣಗಿ ತಿಳಿಗೆಂಪಾಗಿತ್ತು.”

“ಮತ್ತೆ ಯಾಕೆ ಬರ್ತಿದ್ದೆ?”

ಆತ ಪುಸ್ತಕವನ್ನು ತೆರೆದು ತೋರಿಸಿದ. ಏಳು ತಿಂಗಳು, ಏಳು ಸಾಲು. ಪ್ರತಿ ಸಾಲಿನಲ್ಲೂ ‘ಕುಡಿಯುವ ನಲ್ಲಿ’ ಎಂದು ಅಂದವಾಗಿ ಬರೆದಿತ್ತು. “ನೀವು ಕ್ಯಾನು ಮುಚ್ಚಿಟ್ಟಿರಿ, ನಾನು ಇದನ್ನ ಬರೆದೆ. ಮೂವತ್ತು ವರ್ಷದ ನೌಕರಿಯಲ್ಲಿ ಏಳೇ ಸುಳ್ಳು. ಎಲ್ಲಾ ಈ ಮನೆಯದ್ದೇ. ಎಂಟನೇದನ್ನ ಮೇಷ್ಟ್ರ ಕೈಯಲ್ಲಿ ಬರೆಸೋದು ಬೇಡ ಅನ್ನಿಸ್ತು.”

ಬಾಗಿಲ ಬಳಿ ಮಗುವನ್ನೆತ್ತಿಕೊಂಡು ನಿಂತಿದ್ದ ಸೊಸೆ, “ನನ್ನಿಂದ ಹೀಗಾಯ್ತು ಮಾಮ,” ಎಂದಳು.

“ಇಲ್ಲಮ್ಮಾ. ಮಗುವಿನ ಹೊಟ್ಟೆ ದೊಡ್ಡದೋ, ನನ್ನ ಪಟ್ಟಿ ದೊಡ್ಡದೋ? ನಿನ್ನ ಜಾಗದಲ್ಲಿದ್ದಿದ್ದರೆ ನನ್ನಮ್ಮನೂ ಇದನ್ನೇ ಮಾಡ್ತಿದ್ದಳು.”

“ನಾಳೆಯಿಂದ ನಾನು ನಲ್ಲಿ ನೀರೇ ಕುಡೀತೀನಿ,” ಎಂದಳು ನನ್ನ ಹೆಂಡತಿ. “ನನ್ನೊಬ್ಬಳ ಹೆಸರು ಬರ್ಕೋ.”

“‘ಎಲ್ಲರೂ’ ಅಂತ ಇದೆಯಲ್ಲಕ್ಕಾ.”

ನನ್ನಿಂದ ಪೆನ್ನನ್ನು ಪಡೆದು, ಇಪ್ಪತ್ತಾರನೆಯ ಸಂಖ್ಯೆಯ ಮೇಲೆ ಆತನೇ ಗೆರೆ ಎಳೆದ. ಮೂರು ಪೆನ್ನು ಜೇಬಿನಲ್ಲಿದ್ದರೂ ನನ್ನದನ್ನೇ ಏಕೆ ಕೇಳಿದನೋ ತಿಳಿಯದು. ಹೊರಡುವಾಗ ಲೋಟ ಕೇಳಲಿಲ್ಲ.

“ಕೆಲಸ ಇಲ್ಲದಿದ್ದರೇನು, ಸುಮ್ನೆ ಬಂದು ಹೋಗು,” ಎಂದು ನನ್ನ ಹೆಂಡತಿ ಮೆಟ್ಟಿಲ ತನಕ ಹೋಗಿ ಹೇಳಿದಳು. ಆತ ಒಂದು ಭಾನುವಾರ ಬಂದ. ಪೆಟ್ಟಿಗೆಯಿರಲಿಲ್ಲ. ಕುರ್ಚಿಯ ಅಂಚಿನಲ್ಲಿ ಕುಳಿತ; ಕೈಗಳನ್ನು ಎಲ್ಲಿಡಬೇಕೆಂದು ಆತನಿಗೆ ತಿಳಿಯಲಿಲ್ಲ. ಟೀ ಕೊಟ್ಟಳು, ಕುಡಿದ, ರಜೆಯ ದಿನವಲ್ಲವೇ. ಅಡುಗೆಮನೆಯಲ್ಲಿ ಹರಿಯುವ ನೀರಿನ ಸದ್ದಿಲ್ಲದೆ ನಮಗೂ ಮಾತು ತೋಚಲಿಲ್ಲ. ಆಗಾಗ ಕೈಗಡಿಯಾರ ನೋಡಿಕೊಂಡು, “ಬರ್ತೀನಿ,” ಎಂದು ಎದ್ದ. ಆಮೇಲೆ ಬಂದಿಲ್ಲ.

ಈಗ ನಮ್ಮ ಬೀದಿಯ ತಿರುವಿನಲ್ಲಿ, ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ, ಎದೆಯೆತ್ತರದ ಒಂದು ಉಕ್ಕಿನ ಕಂಬವಿದೆ. ಅದರೊಳಗೆ ಒಂದು ನಲ್ಲಿ, ಅದಕ್ಕೊಂದು ಬೀಗ; ಕೀಲಿ ಮಾಮನ ಬಳಿ. ಪಟ್ಟಿಯಲ್ಲಿ ಈಗ ಇರುವುದು ಹದಿನಾಲ್ಕು ಕಂಬಗಳು. ಅಂಚಿನಲ್ಲಿ ಬರೆಯುವಂಥದ್ದು ಅವುಗಳ ವಿಷಯದಲ್ಲಿ ಏನಿದ್ದೀತು? ನಿವೃತ್ತಿಗೆ ಇನ್ನು ಮೂರು ವರ್ಷವಿದೆ. ಮೊದಲ ಮಂಗಳವಾರ ಸೈಕಲ್ಲಿನಲ್ಲಿ ಬಂದು ಬೀಗ ತೆಗೆಯುತ್ತಾನೆ. ಹತ್ತಿಯಿಂದ ಒರೆಸಿ, ಗಾಳಿಗೆ ಅಂಗೈ ಮರೆ ಮಾಡಿ ದೀಪ ಹಚ್ಚುತ್ತಾನೆ. ನೀರು ಬಿಟ್ಟು ಗಡಿಯಾರ ನೋಡಿಕೊಳ್ಳುತ್ತಾನೆ. ಹಾದು ಹೋಗುವವರು ಚರಂಡಿಗೆ ಹರಿಯುವ ನೀರನ್ನು ನೋಡುತ್ತಾರೆ, ಆತನನ್ನು ನೋಡುವುದಿಲ್ಲ.

ನನ್ನ ಹೆಂಡತಿಗೆ ಮಂಡಿನೋವು, ಮಹಡಿಯ ಮೆಟ್ಟಿಲು ಇಳಿದು ಹೋಗಲಾರಳು. ಅವಳು ಹೂಜಿಯನ್ನು ಕಿಟಕಿಯ ಕಟ್ಟೆಗೆ ತಂದಿಟ್ಟಿದ್ದಾಳೆ. ದಿನವೂ ಬೆಳಿಗ್ಗೆ ಅದಕ್ಕೆ ನಲ್ಲಿ ನೀರು ತುಂಬುತ್ತಾಳೆ. ಮನೆಯಲ್ಲಿ ಅದನ್ನು ಕುಡಿಯುವವಳು ಅವಳೊಬ್ಬಳೇ. ಮೊಮ್ಮಗಳ ಕೈಗೆ ಎಟುಕದ ಎತ್ತರವೆಂದು ಸೊಸೆಯೂ ಸುಮ್ಮನಿದ್ದಾಳೆ. ನಾನು ಮಾತ್ರ ಈಗಲೂ ಕ್ಯಾನಿನ ನೀರನ್ನೇ ಕುಡಿಯುತ್ತೇನೆ. ರೂಢಿಯಾಗಿಬಿಟ್ಟಿದೆ.

ಹೋದ ಮಂಗಳವಾರ ನಾನು ಹಾಲು ತರುವ ನೆಪದಲ್ಲಿ ಕೆಳಗಿಳಿದು ಕಂಬದ ಬಳಿ ಹೋದೆ. ನೀರು ಆಗಲೇ ಹರಿಯುತ್ತಿತ್ತು.

“ಎಷ್ಟು ಹೊತ್ತಾಯಿತಪ್ಪಾ?”

“ಇನ್ನು ಅರ್ಧ ನಿಮಿಷ ಇದೆ ಮೇಷ್ಟ್ರೇ.”

ಅರ್ಧ ನಿಮಿಷ ಇಬ್ಬರೂ ನಿಂತೆವು. ಅವನು ಮೇಲೆ ಕಿಟಕಿಯ ಕಡೆ ನೋಡಿದ. ನಾನೂ ನೋಡಿದೆ. ಹೂಜಿ ಕತ್ತಿನ ತನಕ ಕಪ್ಪಾಗಿತ್ತು.

“ಇವತ್ತು ಪೂರ್ತಿ ತುಂಬಿದ್ದಾರೆ,” ಎಂದ. ಬಾಟಲಿ ಹಿಡಿದು, ಚೀಟಿ ಅಂಟಿಸಿ, ಬೀಗ ಹಾಕಿ ಎಳೆದು ನೋಡಿದ. ಮುಂದಿನ ಕಂಬ ರೈಲ್ವೆ ಗೇಟಿನ ಆಚೆಗಿದೆ. ಗೇಟು ಬೀಳುವುದರೊಳಗೆ ದಾಟಬೇಕೆಂದು ಸೈಕಲ್ ಹತ್ತಿದ.